ಕಹಳೆಯಿಂದ ಕಿವಿಯ ಅಚ್ಚಿನವರೆಗೆ: ಶ್ರವಣ ಸಾಧನದ ಚರಿತ್ರೆ ಮತ್ತು ಬರ್ವಾ ಅಲ್ ಬರಾಹಾದ ನಮ್ಮವರು

ಬರ್ವಾ ಅಲ್ ಬರಾಹಾ ಎಂಬ ಹೆಸರನ್ನು ಮೊದಲ ಸಲ ಕೇಳಿದ ಕನ್ನಡಿಗರಿಗೆ ಅದರಲ್ಲಿ ನಮ್ಮ 'ಬರಹ'ವೇ ಕೇಳಿಸುತ್ತದೆ. ಕೊಲ್ಲಿಯ ಅರಬ್ಬಿಯಲ್ಲಿ ಬರಾಹಾ ಎಂದರೆ ಮನೆಗಳ ನಡುವಿನ ಬಯಲು. ದೋಹಾದ ಇಂಡಸ್ಟ್ರಿಯಲ್ ಏರಿಯಾದ ಮಗ್ಗುಲಲ್ಲಿರುವ ಈ ಬಡಾವಣೆಯಲ್ಲಿ ಹತ್ತಾರು ಸಾವಿರ ದುಡಿಯುವ ಜನ ವಾಸಿಸುತ್ತಾರೆ. ಪಕ್ಕದಲ್ಲೇ ಲಾರಿ, ಟ್ರೇಲರ್‌ಗಳನ್ನು ನಿಲ್ಲಿಸುವ ದೊಡ್ಡ ಜಾಗವಿದೆ. ಕರಾವಳಿಯವರು, ಕಲಬುರಗಿ–ಬೀದರ ಕಡೆಯವರು, ಕಾಸರಗೋಡಿನವರು ಅಲ್ಲಿದ್ದಾರೆ. ನಿವೃತ್ತಿಯ ನಂತರ ಮಗನ ಮನೆಗೆ ಬಂದು ಉಳಿದಾಗಲೆಲ್ಲ ಶುಕ್ರವಾರ ಅಲ್ಲಿಗೆ ಹೋಗಿ ಊರಿನವರೊಂದಿಗೆ ಮಾತಿಗೆ ಕೂರುವುದು ನನ್ನ ರೂಢಿ.

ಹಾಗೆ ಕೂತಾಗ ಒಂದು ಮಾತು ನನ್ನ ಕಿವಿಗೆ ಮತ್ತೆ ಮತ್ತೆ ಬಿತ್ತು: "ಡಾಕ್ಟ್ರೇ, ಮನೆಗೆ ಫೋನ್ ಮಾಡೋದು ಕಮ್ಮಿ ಮಾಡಿದ್ದೇನೆ, ನೆಟ್‌ವರ್ಕ್ ಸರಿ ಇಲ್ಲ." ಪಕ್ಕದ ಮಂಚದವನಿಗೆ ಅದೇ ನೆಟ್‌ವರ್ಕಿನಲ್ಲಿ ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿತ್ತು. ನಲವತ್ತು ದಾಟಿದ, ಇಪ್ಪತ್ತು ವರ್ಷ ಯಂತ್ರಗಳ ನಡುವೆ ದುಡಿದ ಗಂಡಸು ಹೀಗೆ ಹೇಳಿದರೆ ವೈದ್ಯನಾದವನು ಮೊದಲು ಅವನ ಕಿವಿಯನ್ನು ನೋಡಬೇಕು, ಆಮೇಲೆ ಫೋನನ್ನು. ಇಂಥವರಲ್ಲಿ ಕೆಲವರ ಬಳಿ ಊರಿನಿಂದ ತಂದ 'ಕಿವಿ ಮಿಷನ್' ಇರುತ್ತದೆ, ಆದರೆ ಅದು ಕಿವಿಯಲ್ಲಿರದೆ ಟ್ರಂಕಿನಲ್ಲಿರುತ್ತದೆ. ಅದು ಅಲ್ಲಿಗೇಕೆ ಹೋಯಿತು ಎಂದು ತಿಳಿಯಲು ಆ ಸಾಧನದ ಚರಿತ್ರೆಯನ್ನೇ ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ.

ಕೆಲಸ ತಂದ ಕಿವುಡು

ದುಡಿಮೆಯಿಂದ ಕಿವಿ ಮಂದವಾಗುವುದು ಹೊಸ ಸಂಗತಿಯಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಝಿನಿ ಕಸುಬುಗಳ ರೋಗಗಳ ಬಗ್ಗೆ ಬರೆದ ಗ್ರಂಥದ 1713ರ ಆವೃತ್ತಿಯಲ್ಲಿ, ವೆನಿಸ್ಸಿನ ತಾಮ್ರ ಬಡಿಯುವ ಕಂಚುಗಾರರು ದಿನವಿಡೀ ಸುತ್ತಿಗೆಯ ಸದ್ದಿನಲ್ಲಿದ್ದು ಕಿವುಡರಾಗುವುದನ್ನು ದಾಖಲಿಸಿದ. 1886ರಲ್ಲಿ ಗ್ಲಾಸ್ಗೋದ ಕಿವಿ ವೈದ್ಯ ಥಾಮಸ್ ಬಾರ್ ಬಾಯ್ಲರ್ ಕಟ್ಟುವ 100 ಮಂದಿಯ ಕಿವಿಗಳನ್ನು ಪರೀಕ್ಷಿಸಿ, ಈ ಕಿವುಡು ಕೆಲಸದ್ದೇ ಫಲ ಎಂದು ತೋರಿಸಿದ.

ಇಂದು ಲೆಕ್ಕ ಸ್ಪಷ್ಟವಾಗಿದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರುವುದು ಮಿತಿ ಎಂದು ಇಟ್ಟುಕೊಂಡರೆ, ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. 88ರಲ್ಲಿ 4 ಗಂಟೆ, 91ರಲ್ಲಿ 2 ಗಂಟೆ, 100ರಲ್ಲಿ ಕೇವಲ 15 ನಿಮಿಷ. ಕಾಂಕ್ರೀಟು ಒಡೆಯುವ ಯಂತ್ರದ ಪಕ್ಕದಲ್ಲಿ ನಿಂತವನ ಮಿತಿ ಬೆಳಗಿನ ಚಹಾಕ್ಕೆ ಮೊದಲೇ ಮುಗಿದಿರುತ್ತದೆ.

ಹೀಗೆ ಮೊದಲು ಸಾಯುವುದು ಎತ್ತರದ ಸ್ವರಗಳನ್ನು ಹಿಡಿಯುವ ಒಳಗಿವಿಯ ಕೂದಲು ಕೋಶಗಳು. ಅವು ಮತ್ತೆ ಹುಟ್ಟುವುದಿಲ್ಲ. ಭಾಷೆಯಲ್ಲಿ ಇದರ ಪರಿಣಾಮ ವಿಚಿತ್ರವಾದದ್ದು: ಸ್ವರಾಕ್ಷರಗಳು ಉಳಿಯುತ್ತವೆ, ಕ, ತ, ಪ, ಸ, ಶ ಮೊದಲಾದ ವ್ಯಂಜನಗಳು ಮಸುಕಾಗುತ್ತವೆ. ಮಗಳು ಫೋನಿನಲ್ಲಿ "ಪಾಸು" ಎಂದರೆ ಅಪ್ಪನಿಗೆ "ಕಾಸು" ಎಂದು ಕೇಳಬಹುದು. ಆದ್ದರಿಂದಲೇ ಅವರು "ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ" ಎನ್ನುತ್ತಾರೆ, ನೆಟ್‌ವರ್ಕನ್ನು ದೂರುತ್ತಾರೆ.

ಸಿಂಹಾಸನದಿಂದ ಜೇಬಿಗೆ

ಕಿವಿಯ ಹಿಂದೆ ಅಂಗೈ ಬಟ್ಟಲು ಮಾಡಿ ಹಿಡಿಯುವುದೇ ಮನುಷ್ಯನ ಮೊದಲ ಶ್ರವಣ ಸಾಧನ. ಅದೇ ತತ್ವದ ಮೇಲೆ ಕೊಂಬು, ಶಂಖ, ಲೋಹದ ಕಹಳೆಗಳು ಬಂದವು. ಯೋಹಾನ್ ಮೇಲ್ಟ್ಸೆಲ್ ಎಂಬಾತ 1810ರ ದಶಕದಲ್ಲಿ ಸಂಗೀತಗಾರ ಬೀಥೋವನ್‌ಗೆ ಇಂಥ ಕಹಳೆಗಳನ್ನು ಮಾಡಿಕೊಟ್ಟ. ಲಂಡನ್ನಿನಲ್ಲಿ ಎಫ್. ಸಿ. ರೈನ್ ಎಂಬವನ ಮಳಿಗೆ ಇವನ್ನು ವ್ಯಾಪಾರದ ವಸ್ತುವಾಗಿ ಮಾಡಿತು. ಪೋರ್ಚುಗಲ್ಲಿನ ಆರನೆಯ ಜೊವಾವ್ ದೊರೆಗಾಗಿ 1819ರಲ್ಲಿ ಅದು ಒಂದು ಸಿಂಹಾಸನವನ್ನೇ ಮಾಡಿಕೊಟ್ಟಿತು. ಅದರ ಕೈಗಳ ತುದಿಯಲ್ಲಿ ಬಾಯಿ ತೆರೆದ ಸಿಂಹಗಳು, ಒಳಗೆ ಪೊಳ್ಳು ಕೊಳವೆ. ದೊರೆಯೊಡನೆ ಮಾತಾಡುವವನು ಮಂಡಿಯೂರಿ ಸಿಂಹದ ಬಾಯೊಳಗೆ ಮಾತಾಡಬೇಕಿತ್ತು. ದೊರೆಗೆ ಕಿವಿ ಕೇಳದಿದ್ದರೆ ಬಗ್ಗಬೇಕಾದವನು ಎದುರಿನವನು. ಬಡವನಿಗೆ ಕೇಳದಿದ್ದರೆ ಬಗ್ಗಬೇಕಾದವನು ಅವನೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಹಳೆಗಳನ್ನು ಬೀಸಣಿಗೆ, ಟೋಪಿ, ತಲೆಪಟ್ಟಿಗಳಲ್ಲಿ ಅಡಗಿಸಿ ಮಾರುವುದು ಶುರುವಾಯಿತು. ಅಂದಿನಿಂದ ಇಂದಿನವರೆಗೂ ಈ ಸಾಧನದ ಚರಿತ್ರೆ ಬಹುಮಟ್ಟಿಗೆ ಮರೆಮಾಚುವಿಕೆಯ ಚರಿತ್ರೆಯೇ. ಕನ್ನಡಕ ಹಾಕಿದವನನ್ನು ಓದಿದವನೆಂದು ಗೌರವಿಸುವ ಜನ ಕಿವಿಯಲ್ಲಿ ಸಾಧನ ಕಂಡರೆ ದನಿ ಎತ್ತುತ್ತಾರೆ ಅಥವಾ ನಗುತ್ತಾರೆ. ನಮ್ಮಲ್ಲಿಯೂ "ಕಿವುಡನ ಮುಂದೆ ಕಿನ್ನರಿ" ಎಂಬ ಗಾದೆ ಇದೆಯೇ ಹೊರತು ಕುರುಡುಗಣ್ಣಿಗೆ ಕನ್ನಡಕ ಹಾಕಿದವನ ಮೇಲೆ ಗಾದೆ ಇಲ್ಲ.

1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮೂಲತಃ ಕಿವುಡ ಮಕ್ಕಳ ಶಿಕ್ಷಕ. ಅವನ ತಾಯಿಗೂ ಹೆಂಡತಿಗೂ ಕಿವಿ ಕೇಳುತ್ತಿರಲಿಲ್ಲ. ಟೆಲಿಫೋನಿನ ಕಾರ್ಬನ್ ಮೈಕನ್ನೇ ಬಳಸಿ ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ಶತಮಾನದ ಕೊನೆಯಲ್ಲಿ ವಿದ್ಯುತ್ ಶ್ರವಣ ಸಾಧನ ಮಾಡಿದ. ಬ್ರಿಟನ್ನಿನ ರಾಣಿ ಅಲೆಕ್ಸಾಂಡ್ರಾ ಅದನ್ನು ಬಳಸಿದವರಲ್ಲೊಬ್ಬಳು. 1920ರ ದಶಕದಲ್ಲಿ ವಾಲ್ವ್‌ಗಳು ಬಂದವು. ಸದ್ದು ಚೆನ್ನಾಗಿತ್ತು, ಆದರೆ ಬ್ಯಾಟರಿಗಳ ಭಾರ ಹೊರಬೇಕಿತ್ತು.

1947ರ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಜನಸಾಮಾನ್ಯರು ಕೊಳ್ಳುವ ವಸ್ತುಗಳಲ್ಲಿ ಅದನ್ನು ಮೊದಲು ಬಳಸಿದ್ದು ರೇಡಿಯೊದಲ್ಲಲ್ಲ, ಶ್ರವಣ ಸಾಧನದಲ್ಲಿ. 1952ರ ಕೊನೆಗೆ ಮಾರುಕಟ್ಟೆಗೆ ಬಂದ ಸೋನೊಟೋನ್ 1010ರಲ್ಲಿ ಎರಡು ಪುಟ್ಟ ವಾಲ್ವ್‌ಗಳೂ ಒಂದು ಟ್ರಾನ್ಸಿಸ್ಟರೂ ಇದ್ದವು. ಬೆಲ್‌ನ ನೆನಪಿಗಾಗಿ ಶ್ರವಣ ಸಾಧನ ಮಾಡುವವರಿಂದ ಟ್ರಾನ್ಸಿಸ್ಟರಿನ ರಾಯಧನ ಪಡೆಯದೆ ಬಿಟ್ಟುಕೊಟ್ಟರು. ಅಂಗಿಯ ಜೇಬಿನಲ್ಲಿ ಪೆಟ್ಟಿಗೆ, ಕಿವಿಗೆ ತಂತಿ: ನನ್ನ ತಲೆಮಾರಿನವರು ಊರಿನ ಮುದುಕರಲ್ಲಿ ಕಂಡದ್ದು ಇದನ್ನೇ.

ಕಿವಿಯೊಳಗೆ ಇಳಿದದ್ದು

1950ರ ದಶಕದಲ್ಲಿ ಸಾಧನ ಕನ್ನಡಕದ ಕಡ್ಡಿಗೂ ಕಿವಿಯ ಹಿಂದಕ್ಕೂ ಏರಿತು, ಕಿವಿಯೊಳಗೆ ಇಡುವ ಮೊದಲ ಮಾದರಿಗಳೂ ಬಂದವು. ಪ್ರತಿಯೊಬ್ಬರ ಕಿವಿಯ ಅಳತೆಗೆ ಮಾಡಿದ ಒಳಗಿವಿಯ ಸಾಧನ ಜನಪ್ರಿಯವಾದದ್ದು 1980ರ ದಶಕದಲ್ಲಿ. 1983ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅಂಥದ್ದನ್ನು ಹಾಕಿಕೊಂಡು ಎಲ್ಲರೆದುರು ಕಾಣಿಸಿಕೊಂಡರು. ನಟನಾಗಿದ್ದಾಗ ಕಿವಿಯ ಹತ್ತಿರ ಹಾರಿದ ಪಿಸ್ತೂಲಿನ ಸದ್ದು ಅವರ ಶ್ರವಣಕ್ಕೆ ಪೆಟ್ಟು ಕೊಟ್ಟಿತ್ತು. ಅಂದರೆ ಅದೂ ಕೆಲಸ ತಂದ ಕಿವುಡೇ. ಅವರನ್ನು ಕಂಡ ಮೇಲೆ ಒಳಗಿವಿಯ ಸಾಧನಗಳಿಗೆ ಬೇಡಿಕೆ ಏರಿತು. 1990ರ ದಶಕದಲ್ಲಿ ಪೂರ್ತಿ ಕಾಲುವೆಯೊಳಗೆ ಅಡಗುವ ಮಾದರಿಗಳು ಬಂದವು, 1996ರಲ್ಲಿ ಡಿಜಿಟಲ್ ತಂತ್ರಜ್ಞಾನ ಕಿವಿಗೇರಿತು.

ನಮ್ಮ ನಾಡಿಗೆ ಈ ವಿದ್ಯೆ ಬಂದದ್ದು ಮೈಸೂರಿನ ಮೂಲಕ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದ ನಡುವೆ ಹುಟ್ಟಿತು. 1966ರಲ್ಲಿ ಅದರ ಅಡಿಗಲ್ಲಿಟ್ಟವರು ರಾಷ್ಟ್ರಪತಿ ಎಸ್. ರಾಧಾಕೃಷ್ಣನ್. ಅವರೇ ಹಿಂದೊಮ್ಮೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದವರು. ಶ್ರವಣ ಪರೀಕ್ಷೆ, ಸಾಧನದ ಆಯ್ಕೆ, ಕಿವಿಯ ಅಚ್ಚು ತಯಾರಿಕೆ, ದುರಸ್ತಿ, ಎಲ್ಲವನ್ನೂ ಒಂದೇ ಆವರಣದಲ್ಲಿ ಕಲಿಸುವ, ಮಾಡಿಕೊಡುವ ಸಂಸ್ಥೆ ಅದು. ಭಾರತ ಸರ್ಕಾರದ ಅಡಿಪ್ ಯೋಜನೆ 1981ರಿಂದ ಕಡಿಮೆ ಆದಾಯದವರಿಗೆ ಸಾಧನ ಒದಗಿಸುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಿರುವವರನ್ನು ಮಂದಶ್ರವಣದವರೆಂದೂ, 70 ಮುಟ್ಟಿದವರನ್ನು ಕಿವುಡರೆಂದೂ ಗುರುತಿಸುತ್ತದೆ. ಕೊಲ್ಲಿಯಲ್ಲಿ ದುಡಿದು ಮರಳುವವರೂ ಈ ಕಾಯ್ದೆಯ ಹಕ್ಕುದಾರರೇ.

ಒಂದು ಕಿವಿಗೆ ಒಂದೇ ಅಚ್ಚು

ಕಿವಿಯ ಹೊರಕಾಲುವೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಎರಡು ತಿರುವುಗಳಿರುವ ಓಣಿ. ಒಬ್ಬನದೇ ಎಡ–ಬಲ ಕಿವಿಗಳೂ ಒಂದೇ ತೆರನಾಗಿರುವುದಿಲ್ಲ. ಆದ್ದರಿಂದ ಮೊದಲು ಗುಗ್ಗೆ ತೆಗೆದು, ತಮಟೆಯ ರಕ್ಷಣೆಗೆ ಹತ್ತಿಯ ಅಥವಾ ಫೋಮಿನ ತಡೆ ಇಟ್ಟು, ಮೆತ್ತನೆಯ ಸಿಲಿಕೋನ್ ತುಂಬುತ್ತಾರೆ. ಕೆಲವು ನಿಮಿಷಗಳಲ್ಲಿ ಅದು ಗಟ್ಟಿಯಾಗಿ ಅಚ್ಚುಬೆಲ್ಲದಂತೆ ಕಿವಿಯ ಆಕಾರ ತಾಳುತ್ತದೆ. ಅದರ ಮೇಲಿಂದ ಅಕ್ರಿಲಿಕ್ ಕವಚ ತಯಾರಾಗುತ್ತದೆ. ಈಗ ಅಚ್ಚನ್ನು ಸ್ಕ್ಯಾನ್ ಮಾಡಿ ತ್ರಿ–ಡಿ ಮುದ್ರಣದಲ್ಲಿ ಕವಚ ಮಾಡುವುದೂ ಸಾಮಾನ್ಯ.

ಕವಚ ಸಡಿಲವಾದರೆ ಸದ್ದು ಹೊರಗೆ ಸೋರಿ ಮೈಕಿಗೆ ಮರಳಿ ಸಾಧನ 'ಕುಂಯ್' ಎಂದು ಸಿಳ್ಳೆ ಹಾಕುತ್ತದೆ. ಅಗಿಯುವಾಗ ದವಡೆ ಕಾಲುವೆಯ ಆಕಾರವನ್ನು ಬದಲಿಸುವುದರಿಂದ ಊಟದ ಹೊತ್ತಿನಲ್ಲಿ ಸಿಳ್ಳೆ ಹೆಚ್ಚಬಹುದು. ಬಿಗಿಯಾದರೆ ನೋವು, ಹುಣ್ಣು. ಸ್ವಂತ ದನಿ ಡಬ್ಬಿಯೊಳಗಿಂದ ಬಂದಂತೆ ಕೇಳಿದರೆ ಕವಚದ ಗಾಳಿಕಂಡಿ ಸರಿಪಡಿಸಿಕೊಳ್ಳಬೇಕು. ಇವೆಲ್ಲ ತಂತ್ರಜ್ಞರು ತಿದ್ದಬಲ್ಲ ಸಂಗತಿಗಳು. ತಿದ್ದಿಸಿಕೊಳ್ಳುವ ಮೊದಲೇ ವಿಮಾನ ಹತ್ತಿದವರ ಸಾಧನವೇ ಟ್ರಂಕು ಸೇರುವುದು.

ಕೊಲ್ಲಿಯ ಹವೆಯಲ್ಲಿ ಕಾಪಾಡುವುದು

ಸಾಧನ ಚಿಕ್ಕದಾದಷ್ಟೂ ಆರೈಕೆ ದೊಡ್ಡದಾಗುತ್ತದೆ. ಜೇಬಿನ ಪೆಟ್ಟಿಗೆ ಗುಗ್ಗೆಯನ್ನು ಕಂಡೇ ಇರಲಿಲ್ಲ. ಒಳಗಿವಿಯ ಸಾಧನ ಗುಗ್ಗೆ, ಬೆವರು, ಶಾಖಗಳ ನಡುವೆಯೇ ಬದುಕುತ್ತದೆ. ಎ.ಸಿ. ಕೋಣೆಯಿಂದ ಆಗಸ್ಟಿನ ತೇವ ತುಂಬಿದ ಬಿಸಿಗೆ ಕಾಲಿಟ್ಟಾಗ ಕನ್ನಡಕದ ಮೇಲೆ ಮಂಜು ಕಟ್ಟುವಂತೆ ಸಾಧನದೊಳಗೂ ಹನಿ ಕಟ್ಟುತ್ತದೆ. ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನ ಮೂಕವಾಗುವುದು ಹೀಗೆ.

ಹಾಕುವಾಗ: ಕೆಂಪು ಗುರುತಿನದು ಬಲಗಿವಿಗೆ, ನೀಲಿಯದು ಎಡಗಿವಿಗೆ. ತಲೆಗೆ ಎಣ್ಣೆ, ಬಟ್ಟೆಗೆ ಅತ್ತರು, ಸೆಂಟು ಎಲ್ಲ ಮುಗಿದ ಮೇಲೆ, ಒಣಗಿದ ಕೈಯಿಂದ ಕೊನೆಯದಾಗಿ ಸಾಧನ.

ರಾತ್ರಿ: ತೆಗೆದ ಕೂಡಲೇ ಒಣ ಮೆತ್ತನೆ ಬಟ್ಟೆಯಿಂದ ಒರೆಸಬೇಕು. ಸದ್ದು ಬರುವ ತೂತನ್ನು ಕೆಳಮುಖ ಮಾಡಿ ಬ್ರಷ್ ಆಡಿಸಿದರೆ ಗುಗ್ಗೆ ಕೆಳಗೆ ಉದುರುತ್ತದೆ, ಮೇಲ್ಮುಖವಾದರೆ ಒಳಗೇ ಇಳಿಯುತ್ತದೆ. ಪಿನ್ನು, ನೀರು, ಸ್ಪಿರಿಟ್ ಬೇಡ. ಗುಗ್ಗೆ ತಡೆಯುವ ಪುಟ್ಟ ಜಾಲರಿ ತುಂಬಿದರೆ ಅದನ್ನು ಬದಲಿಸಬೇಕು. 'ಮಿಷನ್ ಸತ್ತಿದೆ' ಎನ್ನುವವರ ಸಾಧನದಲ್ಲಿ ನಾನು ಹೆಚ್ಚಾಗಿ ಕಂಡದ್ದು ಕಟ್ಟಿಕೊಂಡ ಜಾಲರಿಯನ್ನೇ. ಬಳಿಕ ಬ್ಯಾಟರಿ ಬಾಗಿಲು ತೆರೆದು, ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು.

ಬ್ಯಾಟರಿ: ಸತು–ಗಾಳಿಯ ಈ ಬಟನ್ ಬ್ಯಾಟರಿಗಳು ಗಾಳಿ ತಾಗಿದಾಗಲೇ ಕೆಲಸ ಶುರುಮಾಡುತ್ತವೆ. ಅಂಟುಪಟ್ಟಿ ಕಿತ್ತ ಮೇಲೆ ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ಪಟ್ಟಿಯನ್ನು ಮತ್ತೆ ಅಂಟಿಸಿದರೆ ಪ್ರಯೋಜನವಿಲ್ಲ. ಹಳದಿ ಪಟ್ಟಿ 10ನೇ ಅಳತೆ, ಕಂದು 312, ಕಿತ್ತಳೆ 13, ನೀಲಿ 675. ಫ್ರಿಜ್ಜಿನಲ್ಲೂ ಕಾರಿನ ಡ್ಯಾಶ್‌ಬೋರ್ಡಿನ ಮೇಲೂ ಇಡಬಾರದು. ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಕೆಲಸದ ಜಾಗದಲ್ಲಿ: ಶ್ರವಣ ಸಾಧನ ಕಿವಿಯ ರಕ್ಷಾಕವಚವಲ್ಲ. ಆಫ್ ಮಾಡಿ ಬೆಣೆಯಂತೆ ಇಟ್ಟುಕೊಂಡರೂ ರಕ್ಷಣೆ ಸಿಗದು. ಸದ್ದಿನ ಜಾಗದಲ್ಲಿ ಅದನ್ನು ತೆಗೆದಿಟ್ಟು ಇಯರ್ ಮಫ್ ಧರಿಸಬೇಕು. ಕಿವಿ ಸೋರುತ್ತಿದ್ದರೆ ಒಳಗಿವಿಯ ಸಾಧನ ಬೇಡ, ಮೊದಲು ವೈದ್ಯರು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದು ತುರ್ತು ಸಂಗತಿ, ಅಂದೇ ತೋರಿಸಬೇಕು.

ರಜೆಯ ಲೆಕ್ಕ

ಊರಿಗೆ ಹೋಗಿ ಸಾಧನ ಮಾಡಿಸುವವರು ರಜೆಯ ಮೊದಲ ವಾರದಲ್ಲೇ ಶ್ರವಣ ಪರೀಕ್ಷೆಗೆ ಹೋಗಬೇಕು. ಅಚ್ಚು ತೆಗೆದು ಕವಚ ಬರುವಷ್ಟರಲ್ಲಿ ದಿನಗಳು ಕಳೆಯುತ್ತವೆ. ಹಾಕಿದ ಮೇಲೆ ಒಂದೆರಡು ವಾರ ಮನೆಯಲ್ಲೇ ಬಳಸಿ, ಮತ್ತೆ ಹೋಗಿ ತಿದ್ದಿಸಿಕೊಂಡು ಬರಬೇಕು. ಮೊದಲು ದಿನಕ್ಕೆ ಕೆಲವು ಗಂಟೆ, ಶಾಂತ ಕೋಣೆ, ಒಬ್ಬರ ಮಾತು. ಮಿದುಳಿಗೆ ಮರೆತ ಸದ್ದುಗಳು ಮತ್ತೆ ಪರಿಚಯವಾಗಬೇಕು. ಜಾಲರಿ, ಬ್ಯಾಟರಿ, ಸಿಲಿಕಾ ಜೆಲ್, ಶ್ರವಣ ಪರೀಕ್ಷೆಯ ವರದಿ ಬ್ಯಾಗಿನಲ್ಲಿರಲಿ.

ಇನ್ನೊಂದು ಮಾತು. ಚರಿತ್ರೆ ಸಾಧನವನ್ನು ಒಳಗೆ ಒಳಗೆ ತಳ್ಳಿತೆಂದು ನಾವೂ ಅತಿ ಚಿಕ್ಕದನ್ನೇ ಕೇಳಬೇಕಾಗಿಲ್ಲ. ಧೂಳು, ಬೆವರಿನಲ್ಲಿ ದುಡಿಯುವವರಿಗೆ, ನಷ್ಟ ಹೆಚ್ಚಿರುವವರಿಗೆ, ಬೆರಳು ಒರಟಾದವರಿಗೆ, ಅಳತೆಯ ಅಚ್ಚಿನೊಡನೆ ಕಿವಿಯ ಹಿಂದೆ ಕೂರುವ ಸಾಧನ ಎಷ್ಟೋ ಸಲ ಲೇಸು. ಅದು ಕಾಣುತ್ತದೆ ಎಂಬುದೊಂದೇ ಅದರ ಮೇಲಿನ ದೂರು. ಕಾಣುವುದರಿಂದ ಲಾಭವೂ ಇದೆ: ಎದುರಿನವನು ಮುಖ ನೋಡಿ, ನಿಧಾನವಾಗಿ ಮಾತಾಡುತ್ತಾನೆ.

ನಮ್ಮ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡದ ಮೇಜಿನ ಪಕ್ಕದಲ್ಲಿ ಶ್ರವಣ ಪರೀಕ್ಷೆಗೂ ಒಂದು ಮೇಜು ಇರಲಿ ಎಂಬುದು ನನ್ನ ಕೋರಿಕೆ. ಬರಾಹಾದಲ್ಲಿ ಇರುವ ಅಣ್ಣತಮ್ಮಂದಿರಲ್ಲಿಯೂ ಒಂದು ವಿನಂತಿ. ನಿಮ್ಮ ಕೋಣೆಯಲ್ಲಿ ಒಬ್ಬರು ಮನೆಗೆ ಫೋನ್ ಮಾಡುವುದನ್ನು ಕಡಿಮೆ ಮಾಡಿದ್ದರೆ, ಟಿ.ವಿ. ಸದ್ದು ಹೆಚ್ಚಿಸುತ್ತಿದ್ದರೆ, ಗುಂಪಿನಲ್ಲಿ ಸುಮ್ಮನೆ ನಗುತ್ತಿದ್ದರೆ, ಅವರನ್ನು ಕಿವಿ ತೋರಿಸಲು ಜೊತೆಗೆ ಕರೆದುಕೊಂಡು ಹೋಗಿ. ಟ್ರಂಕಿನಲ್ಲಿ ಸಾಧನವಿದ್ದರೆ ಹೊರತೆಗೆದು, ಜಾಲರಿಯನ್ನೂ ಬ್ಯಾಟರಿಯನ್ನೂ ಬದಲಿಸಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.