ಅಲೀಗಢದ ವಿದ್ಯಾರ್ಥಿ ಸಂಘದಿಂದ ರಾಷ್ಟ್ರಪತಿ ಭವನಕ್ಕೆ

ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಡಾ. ಝಾಕಿರ್ ಹುಸೇನ್ ಅವರ ಹೆಸರು ಒಂದು ಅಂಕದ ಪ್ರಶ್ನೆಗೆ ಉತ್ತರವಾಗಿ ಬರುತ್ತದೆ. ಭಾರತದ ಮೂರನೆಯ ರಾಷ್ಟ್ರಪತಿ, ಆ ಸ್ಥಾನಕ್ಕೇರಿದ ಮೊದಲ ಮುಸ್ಲಿಮ್. ನಮ್ಮ ಮಕ್ಕಳು ಇಷ್ಟನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಆದರೆ ಅವರು ಸಾರ್ವಜನಿಕ ಜೀವನಕ್ಕೆ ಕಾಲಿಟ್ಟದ್ದು ಕಾಲೇಜಿನ ವಿದ್ಯಾರ್ಥಿ ನಾಯಕರಾಗಿ. ಅಲ್ಲಿಂದ ರಾಷ್ಟ್ರಪತಿ ಭವನಕ್ಕೆ ಹೋಗುವ ದಾರಿಯಲ್ಲಿ ಅವರು ಹೆಚ್ಚು ಕಾಲ ಕಳೆದದ್ದು ಶಿಕ್ಷಣ ಸಂಸ್ಥೆಗಳಲ್ಲಿ. ನಾಯಕರಾಗಬೇಕೆಂದು ಬಯಸುವ ವಿದ್ಯಾರ್ಥಿಗಳು ಈ ಮಾತನ್ನು ಅವಶ್ಯ ತಿಳಿಯಬೇಕು.

ಝಾಕಿರ್ ಹುಸೇನ್ 1897ರ ಫೆಬ್ರವರಿ 8ರಂದು ಹೈದರಾಬಾದಿನಲ್ಲಿ ಜನಿಸಿದರು. ಮನೆತನ ಉತ್ತರ ಪ್ರದೇಶದ ಕಾಯಮ್‌ಗಂಜ್‌ನದು. ಎಳೆಯ ವಯಸ್ಸಿನಲ್ಲೇ ತಂದೆಯನ್ನು, ಕೆಲವು ವರ್ಷಗಳ ನಂತರ ಪ್ಲೇಗಿನಲ್ಲಿ ತಾಯಿಯನ್ನು ಕಳೆದುಕೊಂಡರು. ಇಟಾವಾದ ಇಸ್ಲಾಮಿಯಾ ಹೈಸ್ಕೂಲಿನಲ್ಲಿ ಓದಿ, ಮುಂದೆ ಅಲೀಗಢದ ಎಂ.ಎ.ಓ. ಕಾಲೇಜು ಸೇರಿದರು. ಅಲ್ಲಿ ಒಳ್ಳೆಯ ಮಾತುಗಾರರೆಂದು ಹೆಸರಾಗಿ, ವಿದ್ಯಾರ್ಥಿ ಸಂಘದ ಉಪಾಧ್ಯಕ್ಷರಾಗಿ ಆಯ್ಕೆಯಾದರು.

1920ರಲ್ಲಿ ಖಿಲಾಫತ್ ಮತ್ತು ಅಸಹಕಾರ ಚಳವಳಿಗಳು ಒಂದಾಗಿ ಸಾಗುತ್ತಿದ್ದವು. ಆ ಅಕ್ಟೋಬರಿನಲ್ಲಿ ಗಾಂಧೀಜಿ ಮತ್ತು ಅಲೀ ಸಹೋದರರು ಅಲೀಗಢಕ್ಕೆ ಬಂದು, ಬ್ರಿಟಿಷ್ ಸರ್ಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳನ್ನು ಬಿಟ್ಟು ಹೊರಬನ್ನಿರೆಂದು ವಿದ್ಯಾರ್ಥಿಗಳಿಗೆ ಕರೆಕೊಟ್ಟರು. ವಿದ್ಯಾರ್ಥಿಗಳಲ್ಲಿ ಎರಡು ಪಕ್ಷವಾಯಿತು. ಕಾಲೇಜು ಬಿಡಬಾರದು ಎಂದವರ ಆತಂಕವೂ ಸಣ್ಣದಲ್ಲ. ಸರ್ ಸಯ್ಯದ್ ಅಹ್ಮದ್ ಖಾನರು ಪಟ್ಟ ಶ್ರಮದಿಂದ ನಿಂತ ಸಂಸ್ಥೆಯದು. ಅದು ಬಿದ್ದರೆ ಸಮುದಾಯದ ಮಕ್ಕಳ ಗತಿಯೇನು ಎಂಬುದು ಅವರ ಪ್ರಶ್ನೆ.

ಆಗ ಎಂ.ಎ. ಓದುತ್ತ ಕಾಲೇಜಿನಲ್ಲಿ ಪಾಠವನ್ನೂ ಹೇಳುತ್ತಿದ್ದ ಝಾಕಿರ್ ಹುಸೇನರಿಗೆ ಒಳ್ಳೆಯ ಭವಿಷ್ಯ ಕಾದಿತ್ತು. ಆದರೂ ಅವರು ಕಾಲೇಜು ಬಿಡುವವರ ಜೊತೆ ನಿಂತರು. ಅಷ್ಟಕ್ಕೇ ಸುಮ್ಮನಾಗದೆ ದೆಹಲಿಗೆ ಹೋಗಿ, ಹಕೀಮ್ ಅಜ್ಮಲ್ ಖಾನ್ ಮತ್ತಿತರ ನಾಯಕರನ್ನು ಕಂಡು, ಹೊರಬಂದ ವಿದ್ಯಾರ್ಥಿಗಳಿಗಾಗಿ ರಾಷ್ಟ್ರೀಯ ವಿದ್ಯಾಸಂಸ್ಥೆಯೊಂದು ಬೇಕೆಂದು ಕೇಳಿದರು. ಬಹಿಷ್ಕಾರದ ಮರುದಿನ ಹುಡುಗರು ಎಲ್ಲಿ ಓದಬೇಕು ಎಂದು ಯೋಚಿಸಿದ್ದೇ ಅವರ ನಾಯಕತ್ವದ ಹೆಗ್ಗಳಿಕೆ.

1920ರ ಅಕ್ಟೋಬರ್ 29ರಂದು ಅಲೀಗಢದಲ್ಲೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸ್ಥಾಪನೆಯಾಯಿತು. ಮಾಲ್ಟಾದ ಸೆರೆಯಿಂದ ಅದೇ ವರ್ಷ ಬಿಡುಗಡೆಯಾಗಿ ಬಂದಿದ್ದ ಮೌಲಾನಾ ಮಹಮೂದ್ ಹಸನ್ ತೀವ್ರ ಅನಾರೋಗ್ಯದಲ್ಲೂ ಬಂದು ಅದನ್ನು ಉದ್ಘಾಟಿಸಿದರು. ಹಕೀಮ್ ಅಜ್ಮಲ್ ಖಾನ್ ಮೊದಲ ಕುಲಾಧಿಪತಿಗಳಾದರು, ಮೌಲಾನಾ ಮುಹಮ್ಮದ್ ಅಲೀ ಮೊದಲ ಕುಲಪತಿಗಳಾದರು.

ಝಾಕಿರ್ ಹುಸೇನರು 1922ರಲ್ಲಿ ಉನ್ನತ ಶಿಕ್ಷಣಕ್ಕಾಗಿ ಜರ್ಮನಿಗೆ ತೆರಳಿದರು. ಅದೇ ವರ್ಷ ಗಾಂಧೀಜಿ ಅಸಹಕಾರ ಚಳವಳಿ ನಿಲ್ಲಿಸಿದರು, 1924ರಲ್ಲಿ ತುರ್ಕಿಯೇ ಖಿಲಾಫತ್ ರದ್ದುಮಾಡಿತು. ಚಳವಳಿ ತಣ್ಣಗಾದೊಡನೆ ಜಾಮಿಯಾಕ್ಕೆ ಬರುತ್ತಿದ್ದ ಹಣವೂ ನಿಂತು, ಸಂಸ್ಥೆ ಮುಚ್ಚುವ ಮಾತು ಎದ್ದಿತು. 1925ರಲ್ಲಿ ಅದನ್ನು ದೆಹಲಿಯ ಕರೋಲ್ ಬಾಗ್‌ಗೆ ಸ್ಥಳಾಂತರಿಸಲಾಯಿತು. ನಾವು ಬಂದು ದುಡಿಯುತ್ತೇವೆ, ಮುಚ್ಚಬೇಡಿ ಎಂದು ಝಾಕಿರ್ ಹುಸೇನರು ಅಲ್ಲಿಂದಲೇ ತಿಳಿಸಿದರು. ಬರ್ಲಿನ್‌ನಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದು, 1926ರಲ್ಲಿ ಗೆಳೆಯರಾದ ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬ್ ಅವರೊಂದಿಗೆ ಮರಳಿದರು. 29ನೆಯ ವಯಸ್ಸಿಗೇ ಜಾಮಿಯಾದ ಕುಲಪತಿಯಾದರು.

1927ರ ಕೊನೆಯಲ್ಲಿ ಹಕೀಮ್ ಅಜ್ಮಲ್ ಖಾನ್ ತೀರಿಕೊಂಡಾಗ ಸಂಸ್ಥೆ ಅನಾಥವಾದಂತಾಯಿತು. ಆಗ ಶಿಕ್ಷಕರೇ ಒಂದು ಸಂಘ ಕಟ್ಟಿಕೊಂಡು, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ವೇತನ ಕೇಳದೆ 20 ವರ್ಷ ದುಡಿಯುವುದಾಗಿ ಪ್ರತಿಜ್ಞೆ ಮಾಡಿದರು. ಎಷ್ಟೋ ಸಲ ಆ ವೇತನವೂ ಪೂರ್ತಿಯಾಗಿ ಸಿಗುತ್ತಿರಲಿಲ್ಲ. ಡಾಕ್ಟರೇಟ್ ಪಡೆದ ಕುಲಪತಿಗಳು ಪ್ರಾಥಮಿಕ ತರಗತಿಯ ಮಕ್ಕಳ ಬಗ್ಗೆಯೂ ಅಷ್ಟೇ ಕಾಳಜಿ ವಹಿಸಿದರು. ಮಕ್ಕಳಿಗಾಗಿ ಉರ್ದುವಿನಲ್ಲಿ ಕಥೆಗಳನ್ನೂ ಬರೆದರು. 1935ರಲ್ಲಿ ಓಖ್ಲಾದ ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕಿಸಿದ್ದು ಯಾವ ಗಣ್ಯರಿಂದಲೂ ಅಲ್ಲ, ಸಂಸ್ಥೆಯ ಅತ್ಯಂತ ಕಿರಿಯ ವಿದ್ಯಾರ್ಥಿಯಿಂದ.

1937ರ ವಾರ್ಧಾ ಸಮ್ಮೇಳನದ ನಂತರ ಮೂಲ ಶಿಕ್ಷಣದ ಯೋಜನೆ ರೂಪಿಸುವ ಸಮಿತಿಗೆ ಗಾಂಧೀಜಿ ಅವರನ್ನೇ ಅಧ್ಯಕ್ಷರನ್ನಾಗಿಸಿದರು. ಕೈಕಸುಬಿನ ಮೂಲಕ, ಮಾತೃಭಾಷೆಯಲ್ಲಿ ಏಳು ವರ್ಷಗಳ ಉಚಿತ ಶಿಕ್ಷಣ ಅದರ ಗುರಿ. ಮುಸ್ಲಿಮ್ ಲೀಗ್ ಈ ಯೋಜನೆಯನ್ನು ಕಟುವಾಗಿ ಟೀಕಿಸಿತು. ಸ್ವಂತ ಸಮುದಾಯದವರೇ ಆಡಿದ ಕಹಿ ಮಾತುಗಳನ್ನು ಸಹಿಸಿ ಅವರು ಕೆಲಸ ಮುಂದುವರಿಸಿದರು. ದೇಶ ಕೋಮುಗಲಭೆಯಲ್ಲಿ ಬೇಯುತ್ತಿದ್ದ 1946ರ ನವೆಂಬರಿನಲ್ಲಿ ನಡೆದ ಜಾಮಿಯಾದ ಬೆಳ್ಳಿಹಬ್ಬಕ್ಕೆ ನೆಹರೂ, ಆಝಾದ್, ಜಿನ್ನಾ ಎಲ್ಲರೂ ಬಂದರು. ಆ ನಾಯಕರ ಮುಂದೆಯೇ ಝಾಕಿರ್ ಹುಸೇನರು ದ್ವೇಷದ ಬೆಂಕಿ ಆರಿಸಿರೆಂದು ಬೇಡಿಕೊಂಡರು.

ವಿಭಜನೆಯ ನಂತರ ಅಲೀಗಢ ವಿಶ್ವವಿದ್ಯಾಲಯವನ್ನು ಜನ ಸಂಶಯದಿಂದ ನೋಡುತ್ತಿದ್ದರು. ಅದರ ಉಳಿವೇ ಪ್ರಶ್ನೆಯಾಗಿದ್ದ 1948ರಲ್ಲಿ ಅವರು ಅಲ್ಲಿಗೆ ಕುಲಪತಿಯಾಗಿ ಹೋದರು. 28 ವರ್ಷಗಳ ಹಿಂದೆ ಪ್ರತಿಭಟಿಸಿ ಬಿಟ್ಟು ಬಂದ ಸಂಸ್ಥೆಯನ್ನು ಎತ್ತಿ ನಿಲ್ಲಿಸುವ ಹೊಣೆಯನ್ನು ಹಳೆಯ ಮುನಿಸಿಲ್ಲದೆ ಹೊತ್ತರು.

ಅಧಿಕಾರ ಸ್ಥಾನಗಳು ಬಂದದ್ದು ಇಷ್ಟೆಲ್ಲ ಆದ ಮೇಲೆ. 1952ರಲ್ಲಿ ರಾಜ್ಯಸಭೆಗೆ ನಾಮಕರಣ, 1957ರಲ್ಲಿ ಬಿಹಾರದ ರಾಜ್ಯಪಾಲರು, 1962ರಲ್ಲಿ ಉಪರಾಷ್ಟ್ರಪತಿ, 1963ರಲ್ಲಿ ಭಾರತರತ್ನ. 1967ರ ಚುನಾವಣೆಯಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರನ್ನು ಸೋಲಿಸಿ ಮೇ 13ರಂದು ರಾಷ್ಟ್ರಪತಿಯಾದರು. 1969ರ ಮೇ 3ರಂದು, ಅಧಿಕಾರದಲ್ಲಿದ್ದಾಗಲೇ ನಿಧನರಾದರು. ಅವರನ್ನು ದಫನ ಮಾಡಿದ್ದು ಜಾಮಿಯಾದ ಆವರಣದಲ್ಲಿ.

ವಿದ್ಯಾರ್ಥಿಗಳು ರಾಜಕೀಯಕ್ಕೆ ಇಳಿಯಬೇಕೇ ಎಂಬ ಚರ್ಚೆ ನಮ್ಮಲ್ಲಿ ಆಗಾಗ ನಡೆಯುತ್ತದೆ. ಬೇಡವೆನ್ನುವ ಪಾಲಕರ ಭಯ ನಿಜವಾದದ್ದೇ, ಓದು ಅರ್ಧಕ್ಕೆ ನಿಂತರೆ ನಷ್ಟ ಮನೆಯವರಿಗೆ. ಝಾಕಿರ್ ಹುಸೇನರ ಜೀವನ ಆ ಭಯವನ್ನು ಅಲ್ಲಗಳೆಯುವುದಿಲ್ಲ. ಹೋರಾಟಕ್ಕೆ ಕರೆಯುವವನು ಕಟ್ಟುವ ಹೊಣೆಯನ್ನೂ ಹೊರಬೇಕು ಎಂದು ಅದು ಕಲಿಸುತ್ತದೆ. ನಮ್ಮ ಸಂಘದಂಥ ಸಂಸ್ಥೆಗಳಿಗೆ ಬೇಕಾದದ್ದು ಇಂಥ ಯುವಕ ಯುವತಿಯರೇ: ಸಭೆಯಲ್ಲಿ ಗಟ್ಟಿಯಾಗಿ ಮಾತನಾಡಬಲ್ಲವರು, ಸಭೆ ಮುಗಿದ ಮೇಲೂ ಉಳಿದು ಕೆಲಸ ಮಾಡಬಲ್ಲವರು.