ಆ ನಾಲ್ಕು ಎಲ್ಲಿಂದ ಬಂತು?

ಕನ್ನಡದ ಮೇಷ್ಟರಿಗೆ ವರ್ಗಸಮೀಕರಣದ ಗೊಡವೆಯೇಕೆಂದು ಕೇಳುಗರು ಹುಬ್ಬೇರಿಸಬಹುದು. ಗಣಿತಕ್ಕೆ ಹೆದರಿಯೇ ನಾನು ಕನ್ನಡ ಎಂ.ಎ.ಗೆ ಸೇರಿದವನು. 1970ರ ದಶಕದಲ್ಲಿ, ಹೊನ್ನಾವರದ ಕಡೆಯ ಶಾಲೆಯೊಂದರಲ್ಲಿ, ವರ್ಗಸಮೀಕರಣದ ಸೂತ್ರವನ್ನು ಅರ್ಥವರಿಯದೆ ಉರುಹೊಡೆದೆ. ಅದರೊಳಗಿನ 'ನಾಲ್ಕು' ಎಲ್ಲಿಂದ ಬಂತೆಂದು ಕೇಳಿದಾಗ, ಪರೀಕ್ಷೆಗೆ ಅದು ಬೇಡವೆಂಬ ಉತ್ತರ ದೊರೆಯಿತು. ಅಂದೇ ಆ ಬಾಗಿಲು ಮುಚ್ಚಿತು.

ಅದನ್ನು ಮತ್ತೆ ತೆರೆದದ್ದು ಸಾಹಿತ್ಯಚರಿತ್ರೆ. ಕುಮಟೆಯಲ್ಲಿ ಪಾಠ ಹೇಳುತ್ತಿದ್ದಾಗ, 'ಕವಿರಾಜಮಾರ್ಗ'ದ ಕಾಲವನ್ನು ಅರಸುತ್ತ ಹೋದವನಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ, ಸುಮಾರು 850ರಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ' ಎದುರಾಯಿತು. ಇದನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಅದರಲ್ಲಿ ಒಂದು ಒಂಟೆಗಳ ಹಿಂಡಿದೆ: ಕಾಲುಭಾಗ ಕಾಡಿನಲ್ಲಿ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿನಲ್ಲಿ, ಉಳಿದ ಹದಿನೈದು ನದೀತೀರದಲ್ಲಿ. ಒಟ್ಟು ಎಷ್ಟು? ಇಲ್ಲಿ ಸಮೀಕರಣವು ಕಥೆಯಾಗಿ ಬರುತ್ತದೆ; ಬಿಡಿಸುವ ಕುತೂಹಲ ಮೊದಲು ಹುಟ್ಟುತ್ತದೆ.

ಹೆಚ್ಚುಕಡಿಮೆ ಅದೇ ಶತಮಾನದಲ್ಲಿ ಬಾಗ್ದಾದಿನ ಅಲ್‌ಖ್ವಾರಿಜ್ಮಿ ಚಿತ್ರದ ದಾರಿ ಹಿಡಿದನು. ಅವನ ಲೆಕ್ಕವನ್ನು ನಮ್ಮ ಅಡಕೆ ತೋಟಕ್ಕೆ ತರೋಣ. ಚೌಕ ತೋಟವೊಂದರ ಒಂದಕ್ಕೊಂದು ತಾಗಿದ ಎರಡು ಬದಿಗಳಿಗೆ ಐದೈದು ಮಾರು ಅಗಲದ ಪಟ್ಟಿಗಳನ್ನು ಸೇರಿಸಿದರೆ ಒಟ್ಟು 39 ಚದರ ಮಾರು. ಮೂಲೆಯಲ್ಲಿ ಐದೈದರ ಚೌಕ ಬರಿದಾಗಿರುತ್ತದೆ. ಆ 25ನ್ನು ತುಂಬಿದರೆ 64ರ ಪೂರ್ಣಚೌಕ. ಅದರ ಬದಿ ಎಂಟು. ಐದು ಕಳೆದರೆ ತೋಟದ ಬದಿ ಮೂರು.

ಹತ್ತರ ಅರ್ಧ ಐದಾದುದರಿಂದ ಇದು ಸುಲಭವಾಯಿತು. ಏಳಿದ್ದರೆ? ಅದಕ್ಕೆ ಶ್ರೀಧರಾಚಾರ್ಯನ ಉಪಾಯವಿದೆ. ಅವನ ಬೀಜಗಣಿತ ಗ್ರಂಥ ಉಳಿದಿಲ್ಲ. ಭಾಸ್ಕರಾಚಾರ್ಯನು ಉದಾಹರಿಸಿದ್ದರಿಂದ ನಿಯಮ ಉಳಿಯಿತು. ವರ್ಗಕ್ಕೆ ಅದರ ಮೂಲದ ಏಳರಷ್ಟನ್ನು ಕೂಡಿದರೆ 30 ಎನ್ನೋಣ. ಎರಡೂ ಕಡೆ ನಾಲ್ಕರಿಂದ ಗುಣಿಸಿ ಏಳರ ವರ್ಗವನ್ನು ಕೂಡಿದರೆ 169. ಅದರ ಮೂಲ 13. ಏಳು ಕಳೆದು ಅರ್ಧಿಸಿದರೆ ಮೂರು. ನಡುವೆ ಎಲ್ಲಿಯೂ ಮೂರೂವರೆಯ ಕಾಟವಿಲ್ಲ. ಆ ನಾಲ್ಕು ಬಂದದ್ದು ಭಿನ್ನರಾಶಿಯಿಂದ ನಮ್ಮನ್ನು ಪಾರುಮಾಡಲು!

ಕಥೆ, ಚಿತ್ರ, ಉಪಾಯ, ಕೊನೆಗೆ ಸೂತ್ರ: ಪಾಠದ ಕ್ರಮ ಹೀಗಿರಬೇಕೆಂದು ನನ್ನ ಅಭಿಪ್ರಾಯ. ಸೂತ್ರ ಬೇಡವೆಂದಲ್ಲ, ಅದು ಪಯಣದ ಕೊನೆಯ ನಿಲ್ದಾಣ. ನಾವು ಮಕ್ಕಳನ್ನು ನೇರವಾಗಿ ಅಲ್ಲಿಗೇ ಇಳಿಸುತ್ತೇವೆ.

ಈಚೆಗೆ ಭಟ್ಕಳದಲ್ಲಿ, ಹತ್ತನೆಯ ತರಗತಿಯ ಬಂಧುವಿನ ಹುಡುಗಿಯೊಬ್ಬಳು ನನ್ನ ಹಳೆಯ ಪ್ರಶ್ನೆಯನ್ನೇ ಕೇಳಿದಳು. ಜಗುಲಿಯ ಮೇಲೆ ಸೀಮೆಸುಣ್ಣದಿಂದ ತೋಟ ಬರೆದೆ. ಸ್ವಲ್ಪ ಹೊತ್ತಿನ ಮೇಲೆ ಒಂಟೆಗಳು ಮೂವತ್ತಾರೆಂದು ಅವಳೇ ಬಂದು ಹೇಳಿದಳು.