ಮೀನುಮರಿಗಳ ಬೆಳವಣಿಗೆ ಮತ್ತು ಕೊಳದ ನೀರಿನ ಉಷ್ಣಾಂಶ

ಮೀನು ಶೀತರಕ್ತ ಪ್ರಾಣಿಯಾಗಿದ್ದು, ಅದರ ದೇಹದ ಉಷ್ಣಾಂಶವು ನೀರಿನ ಉಷ್ಣಾಂಶದೊಂದಿಗೆ ಏರಿಳಿಯುತ್ತದೆ. ಮಳೆಗಾಲದಲ್ಲಿ ಬಿತ್ತನೆ ಮಾಡಿದ ಮರಿಗಳು ಮೊದಲ ತಿಂಗಳುಗಳಲ್ಲಿ ಚೆನ್ನಾಗಿ ಬೆಳೆದು, ಡಿಸೆಂಬರ್-ಜನವರಿಯಲ್ಲಿ ಬೆಳವಣಿಗೆ ಕುಂಠಿತಗೊಳ್ಳಲು ಇದೇ ಮುಖ್ಯ ಕಾರಣ. ಇದನ್ನು ತಳಿದೋಷವೆಂದು ಭಾವಿಸಿ ಆಹಾರ ಹೆಚ್ಚಿಸುವುದರಿಂದ ಹಣವೂ ನೀರೂ ಕೆಡುತ್ತವೆ.

ಕಾಟ್ಲಾ, ರೋಹು ಮತ್ತು ಮೃಗಾಲ್ ಮರಿಗಳ ಬೆಳವಣಿಗೆಗೆ ಸುಮಾರು 25ರಿಂದ 32 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವು ಅನುಕೂಲಕರ. ಉಷ್ಣಾಂಶವು 20 ಡಿಗ್ರಿಗಿಂತ ಕಡಿಮೆಯಾದಲ್ಲಿ ಜೀರ್ಣಕ್ರಿಯೆ ನಿಧಾನಗೊಂಡು ಮರಿಗಳು ಆಹಾರ ಸೇವನೆಯನ್ನು ಬಹಳಷ್ಟು ಕಡಿಮೆ ಮಾಡುತ್ತವೆ. ಅವು ತಿನ್ನದೆ ಬಿಟ್ಟ ಅಕ್ಕಿತೌಡು ಮತ್ತು ಕಡಲೆಕಾಯಿ ಹಿಂಡಿ ತಳದಲ್ಲಿ ಕೊಳೆತು ಅಮೋನಿಯಾ ಉತ್ಪತ್ತಿಯಾಗುತ್ತದೆ. ಮೈಮೇಲೆ ಕೆಂಪು ಹುಣ್ಣುಗಳಾಗುವ ರೋಗವೂ ಚಳಿಗಾಲದಲ್ಲಿಯೇ ಹೆಚ್ಚು. ಸಾಮಾನ್ಯ ಗೆಂಡೆ ಮಾತ್ರ ತಂಪನ್ನು ತುಸು ಹೆಚ್ಚು ಸಹಿಸುವುದರಿಂದ ಕೊಡಗು, ಚಿಕ್ಕಮಗಳೂರಿನಂತಹ ಎತ್ತರದ ಪ್ರದೇಶಗಳಿಗೆ ಹೊಂದುತ್ತದೆ.

ಬೇಸಿಗೆಯ ತೊಂದರೆ ಬೇರೆ ಬಗೆಯದು. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಈ ಪ್ರಮಾಣ ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ಮೀನಿನ ಆಮ್ಲಜನಕದ ಅಗತ್ಯವಾದರೋ ಅದೇ ವೇಳೆ ಏರಿರುತ್ತದೆ. ಸೂರ್ಯೋದಯಕ್ಕೆ ಮುನ್ನ ಮರಿಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದಲ್ಲಿ ಆ ದಿನ ಆಹಾರ ನಿಲ್ಲಿಸಿ, ಕೂಡಲೇ ಹೊಸ ನೀರು ಹಾಯಿಸುವುದು ಅಥವಾ ಪಂಪಿನಿಂದ ನೀರನ್ನು ಚಿಮ್ಮಿಸುವುದು ಅವಶ್ಯ. ಕೊಳದಲ್ಲಿ ಒಂದೂವರೆ ಮೀಟರ್ ಆಳದ ನೀರಿದ್ದಲ್ಲಿ ಬಿಸಿಲು, ಚಳಿ ಎರಡರ ಏರುಪೇರೂ ತಗ್ಗುತ್ತದೆ.

ಬಿತ್ತನೆಯ ದಿನವೇ ಮರಿಗಳು ಸಾಯುವುದಕ್ಕೆ ಉಷ್ಣಾಂಶದ ಹಠಾತ್ ಬದಲಾವಣೆಯು ಸಾಮಾನ್ಯ ಕಾರಣ. ಮರಿಗಳನ್ನು ತಂಪು ಹೊತ್ತಿನಲ್ಲಿ ಸಾಗಿಸಿ, ಪಾಲಿಥಿನ್ ಚೀಲವನ್ನು ಬಿಚ್ಚದೆ 15ರಿಂದ 20 ನಿಮಿಷ ಕೊಳದ ನೀರಿನಲ್ಲಿ ತೇಲಿಬಿಡತಕ್ಕದ್ದು. ನಂತರ ಕೊಳದ ನೀರನ್ನು ಸ್ವಲ್ಪಸ್ವಲ್ಪವಾಗಿ ಚೀಲಕ್ಕೆ ಬೆರೆಸಿ, ಮರಿಗಳು ತಾವಾಗಿಯೇ ಹೊರಬರುವಂತೆ ಚೀಲವನ್ನು ಓರೆಯಾಗಿಸುವುದು. ಅವಸರದಲ್ಲಿ ಸುರಿದ ಮರಿಗಳಲ್ಲಿ ಎಷ್ಟು ಉಳಿದವೆಂಬುದು ಕೊಯ್ಲಿನವರೆಗೂ ತಿಳಿಯುವುದಿಲ್ಲ.

ಕೃಷಿಕರು ಸಾಧಾರಣ ಉಷ್ಣಮಾಪಕವೊಂದನ್ನು ಇಟ್ಟುಕೊಂಡು, ಬೆಳಗಿನ ಜಾವ ಮತ್ತು ಮಧ್ಯಾಹ್ನ ನೀರಿನ ಒಂದು ಅಡಿ ಆಳದಲ್ಲಿ ಅಳೆದು ಬರೆದಿಡುವುದು ಸೂಕ್ತ. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಸಲಹೆ ಪಡೆಯುವಾಗ ಈ ದಾಖಲೆ ಉಪಯುಕ್ತವಾಗುತ್ತದೆ.